ಗೋರಿಗೊಂದು ಹೆಸರು

ಬೆಳಿಗ್ಗೆ ಐದು ಗಂಟೆಗೆ ಸರಿಯಾಗಿ ಬರದಿದ್ದರೆ ಬಿಟ್ಟು ಹೋಗುತ್ತೇನೆ ಎಂದು ಕೆನೋಸಿ ಹಿಂದಿನ ಸಂಜೆಯೇ ಗೆಳೆಯ ಗೋರಿಗೆ ಹೇಳಿದ್ದಳು. ಹೇಳಿದ ಹಾಗೆಯೇ ಮಾಡಿದಳು. ಐದೂ ಹತ್ತರ ತನಕ ಕಾದಳು, ಮೂರು ಸಲ ಫೋನ್ ಮಾಡಿದಳು. ಅದು ಬಂದ್ ಆಗಿದೆ ಎಂದು ಗೊತ್ತಾದ ಮೇಲೆ ಪಿಕಪ್ಪಿನ ಬಾಗಿಲನ್ನು ಧಡ್ಡನೆ ಎಳೆದುಕೊಂಡಳು.

ಪಕ್ಕದಲ್ಲಿ ಕೂತಿದ್ದ ಬುಲ್ಡೋಜರ್, "ಇನ್ನೊಂದೈದು ನಿಮಿಷ ನೋಡೋಣ್ವಾ?" ಎಂದ.

"ಹೋದ ವರ್ಷ ಇವನಿಗೆ ಕಾದೂ ಕಾದೂ ಮೂರು ಹಾಡು ಕಳ್ಕೊಂಡ್ವಿ. ಯಾರದಾದ್ರೂ ಗಾಡಿ ಹತ್ಕೊಂಡು ಬರ್ಲಿ ಬಿಡು. ಆಗ ಬುದ್ಧಿ ಬರುತ್ತೆ."

ಬುಲ್ಡೋಜರ್ ಎಂದರೆ ಯಾರೋ ಗಜಕಾಯದವನು ಅಂದುಕೊಳ್ಳಬೇಡಿ. ಮೌನ್ ಪೇಟೆಯ ಬಸ್ ನಿಲ್ದಾಣದಲ್ಲಿ ಚಪ್ಪಲಿ ಹೊಲಿಯುವ ನರಪೇತಲ ಅವನು. ಮೂವರ ಚರ್ಮದ ಜಾಕೆಟ್ಟುಗಳನ್ನೂ ಹೊಲಿದವನು ಅವನೇ. ಹೆವಿ ಮೆಟಲ್ ಹಾಡಿನ ಹುಚ್ಚು ಹಿಡಿದವರ ಮಾರೋಕ್ ಕೂಟಕ್ಕೆ ಸೇರಿದವರು ಹೀಗೊಂದು ಹೆಸರು ಇಟ್ಟುಕೊಳ್ಳಲೇಬೇಕು. ಕಬ್ಬಿಣದಂಥ ಸಂಗೀತಕ್ಕೆ ಕಬ್ಬಿಣದಂಥ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರನ್ನು ಮನೆಯ ಹೊಸ್ತಿಲಲ್ಲೇ ಬಿಟ್ಟು ಬರಬೇಕು, ಅದೇನೆಂದು ಇನ್ನೊಬ್ಬರು ಕೇಳುವುದು ಮರ್ಯಾದೆಯಲ್ಲ. ವಾರವಿಡೀ ನಾಲ್ಕನೇ ತರಗತಿಯ ನಲವತ್ತೆರಡು ಮಕ್ಕಳ ಹಾಜರಿ ಕೂಗುವ ಕೆನೋಸಿ, ಶನಿವಾರ ತಲೆಬುರುಡೆಯ ಬೆಲ್ಟು ಬಿಗಿದುಕೊಂಡರೆ ಮುಳ್ಳುತಂತಿ. ಹನ್ನೆರಡು ವರ್ಷದಿಂದ ಗೋರಿಗೂ ಬುಲ್ಡೋಜರನಿಗೂ ಅವಳು ಮುಳ್ಳುತಂತಿಯೇ.

ಆ ವರ್ಷದ ಹಾಡಿನ ಕಾರ್ಯಕ್ರಮವಿದ್ದ ಘಾನ್ಸಿ ಊರು ತಲುಪಿದಾಗ ಎಂಟೂವರೆ. ಸಮುದಾಯ ಭವನದ ಮುಂದೆ ಆಗಲೇ ನೂರಿನ್ನೂರು ಜನ ಸೇರಿದ್ದರು. ಮರಳು ಕಾದು ಬೂಟಿನ ತಳ ಸುಡುವಂಥ ಬಿಸಿಲು, ಆದರೂ ಒಬ್ಬನ ಮೈಮೇಲಿಂದಲೂ ಚರ್ಮದ ಜಾಕೆಟ್ ಇಳಿದಿರಲಿಲ್ಲ. ಅಂಚಿಗೆ ಜಾಲರಿ ಇಳಿಬಿಟ್ಟ ಟೊಪ್ಪಿಗೆ, ಎದೆಯ ಮೇಲೆ ಸರಪಳಿ, ಸೊಂಟಕ್ಕೆ ಎತ್ತಿನ ಕೊಂಬು. ಸಿಕ್ಕಿದವರೆಲ್ಲ ಕೈ ಬುಡಸಮೇತ ಕಿತ್ತು ಬರುವ ಹಾಗೆ ಕುಲುಕುತ್ತಿದ್ದರು. ಹತ್ತು ಗಂಟೆಗೆ ಪೇಟೆಯ ಬೀದಿಯಲ್ಲಿ ಮೆರವಣಿಗೆ ಹೋಗಿ ಬಂದದ್ದಾಯಿತು. ಎರಡು ಗಂಟೆಗೆ 'ಕಪ್ಪು ಗೂಳಿ' ತಂಡ ವೇದಿಕೆ ಹತ್ತುವುದಿತ್ತು. ಗೋರಿಯ ಸುಳಿವಿಲ್ಲ. ಕೆನೋಸಿ ಗೇಟಿನ ಕಡೆ ನೋಡುವುದು, ನೋಡಲಿಲ್ಲವೆಂಬಂತೆ ಮುಖ ತಿರುಗಿಸುವುದು ನಡೆದೇ ಇತ್ತು.

ಹನ್ನೆರಡರ ಹೊತ್ತಿಗೆ ನೀರಿನ ಟ್ಯಾಂಕರಿನ ಚಾಲಕನೊಬ್ಬ ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಏ, ನಿಮ್ಮವನೊಬ್ಬ ಆಸ್ಪತ್ರೇಲಿದಾನೆ ಕಣ್ರಪ್ಪಾ! ಮೌನ್ ರಸ್ತೇಲಿ ಕಾಡುಜಿಂಕೆ ಅಡ್ಡ ಬಂದು ಗಾಡಿ ಪಲ್ಟಿ ಆಯ್ತು. ಇದೇ ವೇಷ, ಇದೇ ಸರಪಳಿ. ಮಾತಾಡ್ತಿರ್ಲಿಲ್ಲ."

ಕೆನೋಸಿ ಪಿಕಪ್ಪಿನತ್ತ ಓಡಿದಳು. ಯಾರದಾದರೂ ಗಾಡಿ ಹತ್ತಿಕೊಂಡು ಬರಲಿ ಎಂದವಳು ತಾನೇ. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳ ಬಾಯಲ್ಲಿ ಕಹಿಯಾಗಿ ಉಳಿಯಿತು.

ಆಸ್ಪತ್ರೆಯ ನೋಂದಣಿ ಕಿಟಕಿಯ ಹಿಂದೆ ಕೂತಿದ್ದ ಹಿರಿಯ ಹೆಂಗಸು ಇವರಿಬ್ಬರ ವೇಷವನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು.

"ಅಪಘಾತದವನನ್ನ ನೋಡ್ಬೇಕಮ್ಮಾ," ಎಂದಳು ಕೆನೋಸಿ.

"ಆಪರೇಷನ್ ನಡೀತಿದೆ ಮಗಳೇ. ಅವನು ನಿಮ್ಗೆ ಏನಾಗ್ಬೇಕು?"

"ಸ್ನೇಹಿತ. ಹನ್ನೆರಡು ವರ್ಷದ ಸ್ನೇಹಿತ."

"ಸರಿ. ಹೆಸರು ಹೇಳು."

ಕೆನೋಸಿ ಬಾಯಿ ತೆರೆದಳು. "ಗೋರಿ."

ಹೆಂಗಸಿನ ಕಣ್ಣು ಕಿರಿದಾದವು. "ಆಸ್ಪತ್ರೇಲಿ ನಿಂತ್ಕೊಂಡು ಇಂಥ ಮಾತಾಡ್ತೀಯಾ?"

"ಅಯ್ಯೋ, ಹಾಗಲ್ಲಮ್ಮಾ, ಅವನನ್ನ ಎಲ್ಲರೂ ಹಾಗೇ ಕರೆಯೋದು!"

"ಅವರವ್ವ ಗೋರಿ ಅಂತ ಹೆಸರಿಟ್ಟಿರಲ್ಲ ತಾನೆ? ಅವನ ಗುರುತಿನ ಚೀಟಿ ನನ್ನ ಹತ್ರ ಇದೆ." ಅವಳ ಅಂಗೈ ಕೆಳಗೆ ಒಂದು ಕಾರ್ಡು ಬೋರಲಾಗಿ ಬಿದ್ದಿತ್ತು. "ಮನೆಯವರಿಗೆ ಪೊಲೀಸರು ತಿಳಿಸೋ ತನಕ ಕಂಡಕಂಡವರಿಗೆ ತೋರಿಸೋ ಹಾಗಿಲ್ಲ. ನೀನು ಹೆಸರು ಹೇಳು, ಹೌದೋ ಅಲ್ವೋ ನಾನು ಹೇಳ್ತೀನಿ. ಅಷ್ಟು ಮಾಡ್ಬಹುದು."

"ಎತ್ತರಕ್ಕಿದಾನೆ. ಜಾಕೆಟ್ ತುಂಬಾ ತಲೆಬುರುಡೆ. ಬೆರಳಲ್ಲಿ ದೊಡ್ಡ ಉಂಗುರ…"

"ಬಾಗಿಲಿಂದ ಹೊರಗೆ ನೋಡು. ಬೆಳಿಗ್ಗೆಯಿಂದ ಈ ಊರಲ್ಲಿ ಅಂಥವರೇ ಓಡಾಡ್ತಿದಾರೆ."

ಗೋರಿ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕುತ್ತಾನೆಂದು ಕೆನೋಸಿಗೆ ಗೊತ್ತಿತ್ತು. ಅವನಿಗೆ ಕೋಳಿಯೆಂದರೆ ಭಯ. ಅವಳ ಅಮ್ಮ ಸತ್ತಾಗ ಏಳು ದಿನವೂ ಅಂಗಳದಲ್ಲಿ ಸೌದೆ ಒಡೆದವನು ಅವನು. ಅಂಥವನ ಹೆಸರು ಮಾತ್ರ ಗೊತ್ತಿಲ್ಲ. ನಲವತ್ತೆರಡು ಮಕ್ಕಳ ಹೆಸರು, ಅವರ ಅಪ್ಪಂದಿರ ಹೆಸರು ಸಮೇತ ನಿದ್ದೆಯಲ್ಲೂ ಹೇಳಬಲ್ಲವಳು ಕಿಟಕಿಯ ಮುಂದೆ ಪಾಠ ಒಪ್ಪಿಸಲಾಗದ ಮಗುವಿನ ಹಾಗೆ ನಿಂತುಬಿಟ್ಟಳು.

ಬುಲ್ಡೋಜರನಿಗೂ ಗೊತ್ತಿರಲಿಲ್ಲ. ಭವನಕ್ಕೆ ವಾಪಸು ಓಡಿ ಒಬ್ಬೊಬ್ಬರನ್ನೇ ಹಿಡಿದು ಕೇಳಿದರು. ಗೋರಿ ಗೊತ್ತಿಲ್ಲದವರೇ ಇಲ್ಲ. ಒಬ್ಬ ಅವನ ಬೂಟಿನ ಅಳತೆ ಹೇಳಿದ, ಇನ್ನೊಬ್ಬ ಅವನು ಹಾಡುವಾಗ ಯಾವ ಸಾಲು ತಪ್ಪುತ್ತಾನೆಂದು ಹೇಳಿದ. ಹೆಸರು ಕೇಳಿದರೆ ಎಲ್ಲರೂ ಟೊಪ್ಪಿಗೆ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡರು.

"ಜನರಲ್‌ನ ಕೇಳೋಣ," ಎಂದ ಬುಲ್ಡೋಜರ್. "ಗೋರಿ ಅವರ ಡ್ರಮ್ ಹೊರ್ತಿದ್ದನಲ್ಲ."

ಜನರಲ್ ಕಪ್ಪು ಗೂಳಿಯ ಹಾಡುಗಾರ. ಕಾರ್ಯಕ್ರಮ ಮುಗಿದ ಮೇಲೆ ಅವನ ಜೊತೆ ಒಂದು ಫೋಟೊ, ಎರಡು ಮಾತು. ವರ್ಷಕ್ಕೊಮ್ಮೆ ಇಷ್ಟಕ್ಕಾಗಿಯೇ ಮೂವರೂ ಮುನ್ನೂರು ಕಿಲೋಮೀಟರ್ ಬರುತ್ತಿದ್ದರು. ಶುರುವಾಗುವ ಮುಂಚೆ ತಂಡದ ಕೋಣೆಗೆ ಯಾರೂ ಕಾಲಿಡುವ ಹಾಗಿರಲಿಲ್ಲ. ಕೆನೋಸಿ ಬಾಗಿಲು ತಟ್ಟಲೂ ಇಲ್ಲ, ತಳ್ಳಿಕೊಂಡು ಒಳಗೆ ನುಗ್ಗಿದಳು. ವೇದಿಕೆಯ ಮೇಲೆ ಸಿಡಿಲಿನ ಹಾಗೆ ಗರ್ಜಿಸುವ ಆ ಮನುಷ್ಯ ಸಣ್ಣ ಸ್ಟೂಲಿನ ಮೇಲೆ ಕೂತು, ಕರಿದ ಹಿಟ್ಟಿನುಂಡೆಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಬೇರೆ ದಿನವಾಗಿದ್ದರೆ ಅವಳು ಆ ನೋಟವನ್ನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದಳು. ಈಗ ಒಂದೇ ಉಸಿರಿಗೆ ನಡೆದದ್ದೆಲ್ಲ ಹೇಳಿದಳು.

"ಗೋರಿನಾ?" ಜನರಲ್ ಉಂಡೆ ಕೆಳಗಿಟ್ಟ. "ನನ್ನ ಮಗಳ ಮದುವೇಲಿ ಮೂರು ದಿನ ಪಾತ್ರೆ ತೊಳೆದ ಹುಡುಗ ಕಣಮ್ಮ ಅವನು. ಅವನ ಹೆಸರು…" ಗಿಟಾರ್ ನುಡಿಸುವವನ ಮುಖ ನೋಡಿದ. ಅವನು ಇವನ ಮುಖ ನೋಡಿದ. "ಲಗ್ನಪತ್ರಿಕೇಲೂ 'ಗೋರಿಯವರಿಗೆ' ಅಂತಲೇ ಬರೆದಿದ್ವಲ್ಲೋ!"

ಕೆನೋಸಿ ಗೋಡೆಗೆ ಒರಗಿ ಅತ್ತಳು. "ನಾನೇ ಬಿಟ್ಟು ಬಂದೆ ಅಣ್ಣಾ. ಹತ್ತು ನಿಮಿಷಕ್ಕೋಸ್ಕರ ಬಿಟ್ಟು ಬಂದೆ. ಅವನು ಒಳಗೆ ಸಾಯ್ತಾ ಇದ್ರೂ ನಂಗೆ ಅವನ ಹೆಸರು ಹೇಳೋಕೆ ಬರ್ತಿಲ್ಲ."

"ತಡಿ. ಅಳಬೇಡ. ಎಲ್ಲಿಂದ ಬರ್ಬೇಕಿತ್ತು ಅವನು?"

"ಮೌನ್‌ನಿಂದ."

"ಹಾಗಾದ್ರೆ ನನ್ನ ಗೇಟು ದಾಟೇ ಬರ್ಬೇಕು," ಎಂದು ಜನರಲ್ ಫೋನ್ ತೆಗೆದ.

ವಾರದ ದಿನಗಳಲ್ಲಿ ಜನರಲ್ ದನದ ಬೇಲಿಯ ಗೇಟಿನಲ್ಲಿ ಕೆಲಸಕ್ಕಿದ್ದ. ಉತ್ತರದ ದನಗಳ ಕಾಲುಬಾಯಿ ಜ್ವರ ದಕ್ಷಿಣಕ್ಕೆ ಹರಡಬಾರದೆಂದು ಸರಕಾರ ಹಾಕಿದ ಬೇಲಿ ಅದು. ಅಲ್ಲಿ ಪ್ರತಿ ಗಾಡಿಯೂ ನಿಲ್ಲಬೇಕು, ಇಳಿದವರು ಔಷಧಿ ನೀರಿನಲ್ಲಿ ಬೂಟು ಅದ್ದಬೇಕು, ಹಸಿ ಮಾಂಸವಿದ್ದರೆ ಒಪ್ಪಿಸಬೇಕು. ಇವತ್ತು ಅವನ ಬದಲಿಗೆ ಅಲ್ಲಿದ್ದ ಸಹೋದ್ಯೋಗಿಯ ದನಿ ಇಡೀ ಕೋಣೆಗೆ ಕೇಳಿಸಿತು.

"ಕಪ್ಪು ಜಾಕೆಟ್ಟಿನವನಾ? ಬೆಳಿಗ್ಗೆಯಿಂದ ಕಪ್ಪು ಜಾಕೆಟ್ಟಿನವರೇ ದಾಟ್ತಿದಾರೆ ಮಾರಾಯಾ! ನಿನ್ನ ಸಂತಾನವೆಲ್ಲ ಇವತ್ತೇ ಹೊರಟಿದೆ."

"ಎತ್ತರದವನು. ಒಬ್ಬನೇ, ಬೇರೆಯವರ ಗಾಡೀಲಿ ಬಂದಿರ್ಬೇಕು. ಯಾವಾಗ ದಾಟಿದ, ನೆನಪಿದೆಯಾ?"

"ದಾಟಿದವರು ನೆನಪಿಲ್ಲ. ದಾಟದೆ ಇರೋನೊಬ್ಬ ನನ್ನ ಪ್ರಾಣ ತಿಂತಿದಾನೆ."

"ದಾಟದೆ ಇರೋನಾ?"

"ಎಂಟು ಗಂಟೆಗೆ ಬಂದ. ಹೆಗಲ ಮೇಲೆ ಒಂದು ಇಡೀ ಆಡು, ಆಗ ತಾನೆ ಕೊಯ್ದದ್ದು. ಹಸಿ ಮಾಂಸ ಬಿಡಲ್ಲ, ಇಲ್ಲೇ ಒಪ್ಪಿಸು ಅಂದೆ. ಬೆಂದ ಮಾಂಸ ಬಿಡ್ತೀರಾ ಅಂದ. ಬಿಡ್ತೀವಿ ಅಂದೆ, ನಂದೇ ತಪ್ಪು. ಆಗಿನಿಂದ ಬೇಲಿ ಪಕ್ಕ ಬೆಂಕಿ ಹಾಕ್ಕೊಂಡು ಸುಡ್ತಾ ಕೂತಿದಾನೆ. ಕರ್ಕೊಂಡು ಬಂದ ಗಾಡಿಯವನು ಬೈದು ಹೊರಟೋದ. ಬೆಂಕಿ ಮುಂದೆ ಕೂತ್ರೂ ಆ ತಲೆಬುರುಡೆ ಜಾಕೆಟ್ ಬಿಚ್ಚೊಲ್ಲ ಅಂತಾನಲ್ಲ, ತಲೆ ಸರಿ ಇದೆಯಾ ಅವನಿಗೆ?"

ಕೆನೋಸಿ ಜನರಲ್‌ನ ಕೈಯಿಂದ ಫೋನ್ ಕಿತ್ತುಕೊಂಡಳು. "ಅವನಿಗೆ ಕೊಡ್ರೀ!"

ಹೆಜ್ಜೆ ಸಪ್ಪಳ, ಕಟ್ಟಿಗೆ ಸಿಡಿಯುವ ಸದ್ದು, ಆಮೇಲೆ ಆ ಗೊಗ್ಗರು ದನಿ: "ಹಲೋ?"

"ಹಾಳಾದವನೇ! ಬದುಕಿದೀಯೇನೋ!"

"ಮುಳ್ಳುತಂತಿ? ಕೋಪ ಮಾಡ್ಕೋಬೇಡ್ವೇ. ಹೋದ ವರ್ಷದ ತಪ್ಪಿಗೆ ನಿಂಗೆ ಆಡಿನೂಟ ಹಾಕೋಣ ಅಂತ ಮಾವನ ದೊಡ್ಡಿಗೆ ಹೋಗಿದ್ದೆ. ಹಾಳಾದ್ದು ಆಡು ತಪ್ಪಿಸ್ಕೊಂಡು ಓಡ್ತು, ಹಿಡಿಯೋಷ್ಟರಲ್ಲಿ ಐದೂ ಕಾಲು. ಫೋನಲ್ಲಿ ಚಾರ್ಜಿಲ್ಲ, ನಿನ್ನ ನಂಬರ್ ಬಾಯಿಪಾಠ ಇಲ್ಲ. ತೊಡೆ ಎರಡೂ ಬೆಂದಿದೆ, ಪಕ್ಕೆ ಒಂಚೂರು ಬಾಕಿ. ಹಾಡು ಶುರುವಾಯ್ತಾ?"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಬುಲ್ಡೋಜರ್ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದ. ಡ್ರಮ್ಮಿನವನು ಖುಷಿಗೆ ಮೇಜು ಬಡಿದ. ಎಲ್ಲ ನಗು ಅಡಗಿದ ಮೇಲೆ ಅವಳಿಗೆ ಬೋರಲಾಗಿದ್ದ ಆ ಕಾರ್ಡು ಕಣ್ಣ ಮುಂದೆ ಬಂತು.

"ಹಾಗಾದ್ರೆ ಅಲ್ಲಿ ಮಲಗಿರೋನು ಯಾರು?"

ತನ್ನವನಲ್ಲ ಎಂದು ಈಗಷ್ಟೇ ಹಿಗ್ಗಿದ್ದಕ್ಕೆ ಅವಳಿಗೆ ತುಸು ಅಸಹ್ಯವೆನಿಸಿತು. ಜನರಲ್ ಎದ್ದು, ಬಾಯಿ ಒರೆಸಿಕೊಂಡು, ಸೀದಾ ವೇದಿಕೆ ಹತ್ತಿದ. ಎರಡು ಗಂಟೆಗೆ ಇನ್ನೂ ಹೊತ್ತಿತ್ತು. ಜನ ಕೊಂಬು ಎತ್ತಿ ಕೂಗಿದರು, ಅವನು ಕೈ ಎತ್ತಿ ಸುಮ್ಮನಾಗಿಸಿದ.

"ನಮ್ಮವನೊಬ್ಬ ಆಸ್ಪತ್ರೇಲಿದಾನೆ. ಯಾರು ಅಂತ ಗೊತ್ತಿಲ್ಲ. ಪಕ್ಕದಲ್ಲಿರೋರನ್ನ ನೋಡ್ಕೊಳ್ಳಿ. ಬರ್ಬೇಕಿದ್ದೋನು ಯಾರು ಬಂದಿಲ್ಲ?"

ಹಿಂದಿನಿಂದ ಬಾಗಿಲಿನಷ್ಟು ಅಗಲದ ಒಬ್ಬ ಜನರನ್ನು ಸರಿಸಿಕೊಂಡು ಮುಂದೆ ಬಂದ. "ನಮ್ಮ ಕೊಡಲಿ ಬಂದಿಲ್ಲ. ಮೌನ್‌ನಲ್ಲಿ ಅಕ್ಕನ ಮನೇಲಿ ಮಲಗಿದ್ದು ಬೆಳಿಗ್ಗೆ ಬರ್ತೀನಿ ಅಂದಿದ್ದ." ಅಷ್ಟು ದೊಡ್ಡ ಮನುಷ್ಯ ಟೊಪ್ಪಿಗೆ ತೆಗೆದು ಎದೆಗೊತ್ತಿಕೊಂಡ. "ಅವನ ಹೆಸರು ನಂಗೂ ಗೊತ್ತಿಲ್ಲ."

ಕೊಡಲಿಯ ತಾಯಿಯ ಫೋನ್ ನಂಬರ್ ಇದೆಯೇ ಎಂದು ಕೆನೋಸಿ ಕೇಳಿದಳು. ಇತ್ತು. ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆ ಕಿಟಕಿಯ ಮುಂದೆಯೇ ನಿಂತು ಫೋನ್ ಮಾಡಿಸಿದಳು. "ಅಮ್ಮಾ," ಎಂದ ಆ ದೈತ್ಯ, "ನಿಮ್ಮ ಮಗನ ಹೆಸರೇನು?"

"ಯಾವ ಮಗ? ಆ ಸರಪಳಿ ಹಾಕ್ಕೊಳ್ಳೋ ಹುಚ್ಚನಾ? ಒಟ್ಲಾಡಿಸಾ. ಯಾಕಪ್ಪಾ?"

ಕಿಟಕಿಯ ಹೆಂಗಸು ಕಾರ್ಡನ್ನು ಮೇಲ್ಮುಖ ಮಾಡಿಟ್ಟಳು. ತೊಡೆಯ ಮೂಳೆ ಮುರಿದಿದೆ, ತಲೆಗೆ ಹೊಲಿಗೆ ಬಿದ್ದಿದೆ, ಈಗ ತಾನೆ ಎಚ್ಚರವಾಗಿ ಬೂಟು ಎಲ್ಲಿ ಎಂದು ಕೇಳಿದನಂತೆ. ದೈತ್ಯ ನೆಲದ ಮೇಲೆ ಕೂತು, ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ಕೆನೋಸಿ ಅವನ ಬೆನ್ನು ಸವರಿದಳು. ತಾಯಿಗೆ ಸಮಾಧಾನವಾಗಿ ತಿಳಿಸಿ ಹೇಳಿದವಳೂ ಅವಳೇ.

ಕಪ್ಪು ಗೂಳಿ ಆ ದಿನ ಒಂದು ಗಂಟೆ ತಡವಾಗಿ ಹಾಡಲು ನಿಂತಿತು, ಯಾರೂ ಗೊಣಗಲಿಲ್ಲ. ನಾಲ್ಕೂವರೆಯ ಹೊತ್ತಿಗೆ, ಹಾಡು ಇನ್ನೂ ನಡೆದಿದ್ದಾಗ, ಮೈಯೆಲ್ಲ ಹೊಗೆ ವಾಸನೆಯ ಗೋರಿ ಗೋಣಿಚೀಲ ಹೊತ್ತು ಗೇಟಿನಲ್ಲಿ ಕಾಣಿಸಿಕೊಂಡ. ಕೆನೋಸಿ ಜನರ ನಡುವಿನಿಂದ ಓಡಿ ಹೋಗಿ ಮೊದಲು ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಬಿಗಿಯಾಗಿ ತಬ್ಬಿಕೊಂಡಳು.

"ನಿನ್ನ ಹೆಸರೇನೋ?"

"ಏನು, ಪೊಲೀಸ್ ಕೇಸಾಯ್ತಾ? ಆಡು ನಮ್ಮಾವಂದೇ, ಕದ್ದಿದ್ದಲ್ಲ."

"ಬಾಯ್ಮುಚ್ಕೊಂಡು ಹೆಸರು ಹೇಳು."

ಅವನು ಅವಳ ಊದಿಕೊಂಡ ಕಣ್ಣು ನೋಡಿ ತಮಾಷೆ ನಿಲ್ಲಿಸಿದ. "ದಿತಿರೊ. ದಿತಿರೊ ಕೆಬೊನಾಂಗ್."

ಅವಳು ಅದನ್ನು ಹಾಜರಿ ಕೂಗಿದ ಹಾಗೆ ಒಮ್ಮೆ ಪೂರ್ತಿಯಾಗಿ ಹೇಳಿದಳು. ಅವನಿಗೆ ಸಂಕೋಚವಾಯಿತು. ನೆಲದ ಮೇಲೆ ಕಾಗದ ಹರಡಿ ಮಾಂಸ ಬಿಚ್ಚತೊಡಗಿದ. ಹೊರಗೆಲ್ಲ ಸೀದಿತ್ತು, ಒಳಗೆ ಇನ್ನೂ ಬಿಸಿಯಿತ್ತು. ದೊಡ್ಡದೊಂದು ತುಂಡು ಹರಿದು ಅವಳ ಕಡೆ ಚಾಚಿದವನು ಅರ್ಧದಲ್ಲೇ ಕೈ ತಡೆದ.

"ನಿಂದು?" ಎಂದ. "ನಿನ್ನ ಹೆಸರು ನಂಗೂ ಗೊತ್ತಿಲ್ವಲ್ಲ."

"ಕೆನೋಸಿ."

"ಕೆನೋಸಿ," ಎಂದ ಅವನು, ನಾಲಿಗೆಯ ಮೇಲೆ ರುಚಿ ನೋಡುವವನಂತೆ ನಿಧಾನವಾಗಿ. "ತಿನ್ನು ಕೆನೋಸಿ. ಆರಿ ಹೋಗುತ್ತೆ."

ಅವಳು ಅಳುತ್ತಲೇ ತಿಂದಳು. ಉಪ್ಪು ಹಾಕಲು ಅವನು ಮರೆತಿದ್ದ.