ಬಲಗೈಯ ಮೇಲೆ ನೀರು

ನೀರು ಬಲಗೈಯ ಮೇಲೆ ಬಿತ್ತು, ತಣ್ಣಗಿಲ್ಲ, ಏಪ್ರಿಲ್ ಬಿಸಿಲಿಗೆ ಪ್ಲಾಸ್ಟಿಕ್ ಕೆಟಲಿಯೊಳಗೇ ಕಾದು ಕೂತಿದ್ದ ನೀರು, ಬೆರಳ ಸಂದಿಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹರಿದು ಕಲ್ಲಿನ ಮೇಲೆ ತೊಟ್ಟಿಕ್ಕಿತು — ಇದು ಎರಡನೆಯ ಸಲವೋ ಮೂರನೆಯದೋ, ತನಿಮುಗೆ ಲೆಕ್ಕ ತಪ್ಪಿತು, ಮತ್ತೆ ಮೊದಲಿನಿಂದ, ನಮಾಜಿಗೆ ಮುಂಚೆ ಬಲಗೈ ಮೂರು ಸಲ, ಆಮೇಲೆ ಎಡಗೈ, ಹಾಲುಗಲ್ಲದ ಕೂಸಿಗೂ ಗೊತ್ತಿರುವ ವಿಷಯ, ಗಿದಾನ್ ಕೂಕಾದ ಷರಿಯಾ ನ್ಯಾಯಾಲಯದ ಅಲ್ಕಾಲಿಗೆ, ಇಡೀ ಊರಿಗೆ ತೀರ್ಪು ಹೇಳುವ ದೊಡ್ಡ ಮನುಷ್ಯನಿಗೆ, ಇವತ್ತು ಕೈ ತೊಳೆಯಲು ಬರುತ್ತಿಲ್ಲ. ಇಳಿಹೊತ್ತಿನ ಅಸರ್ ನಮಾಜಿಗೆ ಇನ್ನೂ ಸ್ವಲ್ಪ ಹೊತ್ತಿದೆ, ನಮಾಜು ಮುಗಿದ ಮೇಲೆ ಜೈಲಿನ ಅಂಗಳ, ಅಲ್ಲಿ ಬೇವಿನ ಮರದ ಕೆಳಗೆ ಮೇಜು ಹಾಕಿದ್ದಾರಂತೆ, ಬಿಳಿ ಬಟ್ಟೆ ಹಾಸಿದ್ದಾರಂತೆ, ಗಂಬೊನ ಬಲಗೈಯನ್ನು ಅದರ ಮೇಲೆ ಇಡಿಸಿ — ಥೂ, ಯೋಚಿಸಬಾರದು, ನೀರು ಹಾಕು. ಬೀದಿಯಲ್ಲಿ ಪ್ರಚಾರದ ಲಾರಿ ಬಂತು, ಮೈಕಿನವನ ಗಂಟಲು ಹರಿಯುವುದೊಂದು ಬಾಕಿ, ಷರಿಯಾ ತಂದವರು ಯಾರು, ಕೊಟ್ಟ ಮಾತು ಉಳಿಸಿಕೊಂಡವರು ಯಾರು, ಶನಿವಾರ ಯಾರಿಗೆ ವೋಟು, ಮಕ್ಕಳು ಹಿಂದೆ ಓಡುತ್ತ ಗವರ್ನರ್ ಹೆಸರು ಕೂಗುತ್ತಿವೆ, ಅವುಗಳ ಬಾಯಲ್ಲಿ ಮಾವಿನಹಣ್ಣು, ಕೈಯಲ್ಲಿ ಚೀಟಿ. ಒಳಗಿಂದ ಹೆಂಡತಿ ಹನ್ಸಾತು, ರೀ, ಎಷ್ಟು ಹೊತ್ತು ತೊಳೀತೀರಿ, ಮಡಕೆ ನೀರೆಲ್ಲ ಮುಗೀತು, ಬೆಳಿಗ್ಗೆಯಿಂದ ತುವೊ ಮುದ್ದೆ ಮುಟ್ಟಿಲ್ಲ, ಸಾರು ಆರಿ ನೀರಾಯ್ತು. ಬಂದೆ ಎಂದ, ಬರಲಿಲ್ಲ. ಗೂಟಕ್ಕೆ ತೂಗುಹಾಕಿದ ಟೊಪ್ಪಿ ಎದುರಿಗೇ ಇದೆ, ಬಿಳಿ ಟೊಪ್ಪಿಯ ಸುತ್ತ ನೀಲಿ ದಾರದ ಕಸೂತಿ, ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ, ಅದನ್ನು ಹೊಲಿದದ್ದು ಗಂಬೊ, ಆ ಕೈಯಿಂದಲೇ.

ಆ ಕೈಯನ್ನು ತನಿಮು ಮೊದಲು ನೋಡಿದ್ದು ಮಸಿಯಲ್ಲಿ ಅದ್ದಿದ ಹಾಗಿದ್ದಾಗ, ಮಾಲಂ ಕಲ್ಲಮು ಅವರ ಕುರಾನ್ ಶಾಲೆ, ಮರದ ಕೆಳಗಿನ ಮರಳು, ಬೂದಿ ಬೆರೆಸಿದ ಮಸಿಯಲ್ಲಿ ಮರದ ಹಲಗೆಯ ಮೇಲೆ ಬರೆದು ಬಾಯಿಪಾಠವಾದ ಮೇಲೆ ತೊಳೆಯುವುದು, ಎಲ್ಲರಿಗಿಂತ ಚಿಕ್ಕವನಾದ ಗಂಬೊ ಹಲಗೆಯನ್ನು ತಲೆಯ ಮೇಲೆತ್ತಿ ಹಿಡಿದು ತೊಳೆಯುತ್ತಿದ್ದ, ಪೆದ್ದ, ಕರಿನೀರು ಮಣಿಕಟ್ಟಿನಿಂದ ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ ಇಳಿದು ಅಂಗಿಯೆಲ್ಲ ಕಪ್ಪು, ಕೆಳಗಿಟ್ಟು ತೊಳೆಯೋ ಮಂಕೇ ಎಂದರೆ ದೇವರ ಮಾತು ನೆಲಕ್ಕೆ ಬೀಳಬಾರದು ಅಲ್ವಾ ಅಣ್ಣಾ ಎನ್ನುತ್ತಿದ್ದ. ತನಿಮು ಆಗ ದೊಡ್ಡ ಹುಡುಗ, ಸಣ್ಣವರ ಪಾಠ ಒಪ್ಪಿಸಿಕೊಳ್ಳುವ ಕೆಲಸ ಅವನದು, ಅದಕ್ಕೇ ಅವನೂ ಅರೆಬರೆ ಮಾಲಂ, ಅಂದರೆ ಗುರು. ಆ ಶಾಲೆಯಲ್ಲೊಂದು ಪದ್ಧತಿ ಇತ್ತು, ಹುಡುಗ ಸರಿಯಾಗಿ ಹೇಳಿದರೂ ಮಾಲಂ ಬೇಕೆಂದೇ ತಪ್ಪು ಎತ್ತಿಕೊಡುವರು, ಹಾಗಲ್ಲ ಕಣೋ, ಹೀಗಲ್ಲವೇನೋ, ಎಂದು ಬಲು ಮೆತ್ತಗೆ, ಹುಡುಗ ಹೌದೆಂದು ಅವರ ಹಿಂದೆ ಜಾರಿದನೋ ಬೆನ್ನಿಗೆ ಬಾರುಕೋಲು, ಜಾರದೆ ನಿಂತನೋ ಪಾಸು. ಗಂಬೊ ಪ್ರತಿ ಸಲ ಜಾರಿದ, ಪ್ರತಿ ಸಲ ಹೊಡೆತ ತಿಂದ, ಆ ಬಾಸುಂಡೆ ನೋಡಲಾರದೆ ತನಿಮುವೇ ಅವನನ್ನು ಬಾವಿಯ ಹಿಂದೆ ಕೂರಿಸಿಕೊಂಡು ಕಲಿಸಿದ, ನೋಡೋ, ಎಷ್ಟು ಮೆತ್ತಗೆ ಕೇಳಿದರೆ ಅಷ್ಟು ಗಟ್ಟಿಯಾಗಿ ನಿಲ್ಲು, ನಾನು ಕೇಳಿದರೂ ನಂಬಬೇಡ, ಅಳುತ್ತ ಕೇಳಿದರೂ ನಂಬಬೇಡ. ಇಡೀ ಶಾಲೆಯಲ್ಲಿ ಗಂಬೊ ನಿಜವಾಗಿ ಕಲಿತದ್ದು ಅದೊಂದೇ ಪಾಠ.

ಮೂರನೆಯ ಸಲ — ಅಲ್ಲ, ಎರಡನೆಯದು, ನೊಣವೊಂದು ಕೈ ಮೇಲೆ ಕೂತು ಎದ್ದಿತು, ಹಾಳಾಗಲಿ, ಮತ್ತೆ. ಸೈನಿಕರ ಆಳ್ವಿಕೆ ಹೋಗಿ ಮತಪೆಟ್ಟಿಗೆ ಬಂದ ವರ್ಷ ಕುದುರೆ ಮೈದಾನದಲ್ಲಿ ಸುಡುಬಿಸಿಲು, ಈಗಿನ ಗವರ್ನರ್ ಆಗಿನ್ನೂ ಅಭ್ಯರ್ಥಿ, ಮೈಕು ಹಿಡಿದು ಷರಿಯಾ ಬೇಕೆನ್ನುವವರು ಕೈ ಎತ್ತಿ ಎಂದದ್ದೇ ತಡ, ಯಪ್ಪಾ, ನೆಲವೇ ಕಾಣದಷ್ಟು ಬಲಗೈಗಳು, ವೇದಿಕೆಯ ಮೇಲೆ ತನಿಮುನದೂ ಒಂದು, ಎದುರುಸಾಲಿನಲ್ಲಿ ಗಂಬೊನದು, ಸೂಜಿ ಚುಚ್ಚಿ ಚುಚ್ಚಿ ಕಲೆಗಟ್ಟಿದ ಬೆರಳು ಪೂರಾ ಬಿಡಿಸಿ, ಕಾಲ್ಬೆರಳ ಮೇಲೆ ನಿಂತು. ತನಿಮು ಭಾಷಣವನ್ನೂ ಮಾಡಿದ್ದ, ಆಸ್ಪತ್ರೆ ನುಂಗಿದವನು, ರಸ್ತೆ ನುಂಗಿದವನು, ಅಣೆಕಟ್ಟೆಯ ಸಿಮೆಂಟು ನುಂಗಿ ತೇಗಿದವನು, ಅವರ ಕೈಗೆ ಬರುತ್ತದೆ ನೋಡಿ ಕಾಲ, ಎಂದಿದ್ದ, ನಂಬಿಯೇ ಎಂದಿದ್ದ, ಕುಂಬಳಕಾಯಿ ಕಳ್ಳರೆಲ್ಲ ಅದೇ ವೇದಿಕೆಯ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕೂತು ಚಪ್ಪಾಳೆ ತಟ್ಟಿದರು, ಒಬ್ಬನಾದರೂ ಹೆಗಲು ಮುಟ್ಟಿ ನೋಡಿಕೊಳ್ಳಲಿಲ್ಲ. ಆ ಸಂಜೆ ಕೆಳಪೇಟೆಯ ಒಕ್ವುದಿಲಿ ಬಂದಿದ್ದ, ಆ ಪೇಟೆ ತುಂಬ ಇರುವ ಇಗ್ಬೊ ಜನದವ, ಭಾನುವಾರ ಚರ್ಚಿಗೆ ಹೋಗುವವ, ಮಿಷಿನ್ ಕಸೂತಿಯ ಅಂಗಡಿಯವ, ಸ್ವಾಮಿ, ಇದು ನಮ್ಮ ತಲೆ ಮೇಲೂ ಬರುತ್ತಾ ಅಂತ ಒಂದು ಮಾತು ಹೇಳಿಬಿಡಿ, ಹೆಂಡ್ತಿ ಗಂಟುಮೂಟೆ ಕಟ್ತಾ ಕೂತವಳೆ. ಛೆ ಛೆ, ಇದು ನಮ್ಮವರಿಗೆ ಮಾತ್ರ ಕಣಯ್ಯಾ, ನಿಮ್ಮ ಕೂದಲೂ ಕೊಂಕಲ್ಲ, ಸುಮ್ಮನೆ ಹೋಗಿ ಮಲಗು. ಅಷ್ಟು ಸಲೀಸಾಗಿ ಹೇಳಿದ್ದ ತನಿಮು, ನಾಲಿಗೆಗೆ ಎಲುಬಿಲ್ಲ ನೋಡಿ.

ಆಮೇಲೆ ಬಂದದ್ದು ಯಾರು, ಅಣೆಕಟ್ಟೆಯವನೇ, ಆಸ್ಪತ್ರೆಯವನೇ — ಇಲ್ಲ, ಗಂಬೊ, ಹೊಲಿಗೆ ಮಿಷಿನ್ ಕದ್ದ ಗಂಬೊ. ಮಿಷಿನ್ ಬಂದ ಮೇಲೆ ನನ್ನ ಕೈಟೊಪ್ಪಿ ಯಾರು ಕೇಳ್ತಾರೆ ಎಂದು ಒಕ್ವುದಿಲಿಯ ಅಂಗಡಿಯ ಬೀಗ ಒಡೆದು ಒಂದನ್ನು ಹೊತ್ತು ತಂದ, ನಡೆಸಲು ಬಾರದೆ ಚಾಪೆ ಮುಚ್ಚಿ ಗುಡಿಸಲಲ್ಲಿಟ್ಟಿದ್ದ. ಒಕ್ವುದಿಲಿ ನೇರ ತನಿಮುನ ನ್ಯಾಯಾಲಯಕ್ಕೇ ಬಂದ, ಪೊಲೀಸರತ್ರ ಹೋದ್ರೆ ಜೀಪಿಗೆ ಪೆಟ್ರೋಲ್ ಹಾಕ್ಸು ಅಂತಾರೆ ಸ್ವಾಮಿ, ನಿಮ್ಮಲ್ಲಿ ಲಂಚ ಇಲ್ಲ, ಬೇಗನೂ ಮುಗಿಯುತ್ತೆ. ಕಟಕಟೆಯಲ್ಲಿ ಗಂಬೊ, ಹಿಂದಿನ ಸಾಲಿನಲ್ಲಿ ಪಕ್ಷದ ಅಧ್ಯಕ್ಷ ಅಲ್ಹಾಜಿ ಷಿತು, ಅವನ ಪಕ್ಕ ಕ್ಯಾಮೆರಾದವರು, ಬಾಗಿಲ ತುಂಬ ಜನ. ಆದರೆ ಶಾಸ್ತ್ರದಲ್ಲಿ ದಾರಿ ಇದೆ, ಹಿರಿಯರು ಬೇಕೆಂದೇ ಬಿಟ್ಟ ದಾರಿ, ಕೈ ಕತ್ತರಿಸುವ ಮಾತು ಬಂದಾಗ ನ್ಯಾಯಾಧೀಶನೇ ಆರೋಪಿಗೆ ಸೂಚನೆ ಕೊಡಬೇಕು, ಇಲ್ಲ ಎನ್ನಲು ಬಾಗಿಲು ತೆರೆದಿಡಬೇಕು, ಅವನು ಒಂದು ಸಲ ಇಲ್ಲ ಎಂದರೆ ಸಾಕು, ಕತ್ತಿ ಮಣಿಕಟ್ಟು ಮುಟ್ಟಿದ ಗಳಿಗೆಯಲ್ಲಿ ಎಂದರೂ ಸಾಕು, ಕೈ ಉಳಿಯುತ್ತದೆ. ತನಿಮು ಮುಂದಕ್ಕೆ ಬಾಗಿ ಮೆತ್ತಗೆ, ಬಲು ಮೆತ್ತಗೆ ಕೇಳಿದ, ನೀನು ಕದ್ದಿಲ್ಲ, ಅಲ್ಲವೇನೋ. ಗಂಬೊ ಕಣ್ಣರಳಿಸಿ ನೋಡಿದ, ಕದ್ದೆ ಮಾಲಂ. ಬಾಗಿಲು ತೆರೆದೇ ಇತ್ತೇನೋ, ಬೀಗ ಇರಲಿಲ್ಲವೇನೋ. ಇಲ್ಲ, ಗಟ್ಟಿ ಬೀಗ, ಕಲ್ಲಲ್ಲಿ ಒಡೆದೆ. ಹೊಟ್ಟೆಗಿಲ್ಲದೆ ದಾರಿಗೆಟ್ಟಿದ್ದೆ, ಹಾಗಲ್ಲವೇನೋ. ಇಲ್ಲ ಮಾಲಂ, ಬೆಳಿಗ್ಗೆ ಎರಡು ಬಟ್ಟಲು ಗಂಜಿ ಕುಡಿದಿದ್ದೆ. ಒಂದೊಂದು ಬಾಗಿಲು ತೆರೆದಂತೆ ಅವನೇ ಎದ್ದು ಅಗುಳಿ ಹಾಕಿದ, ಹಾಕಿದಂತೆಲ್ಲ ಮುಖ ಬೆಳಗುತ್ತ ಹೋಯಿತು, ಜನ ಅಲ್ಲಾಹು ಅಕ್ಬರ್ ಎಂದು ಕೂಗಿದರು, ಷಿತು ಎದ್ದು ನಿಂತು ಅಬ್ಬಾ, ಕಳ್ಳನಾದರೂ ಎಂಥ ಈಮಾನು, ಎಂಥ ದೈವನಿಷ್ಠೆ ಎಂದ. ಇವನಿಗೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಲೇ ತನಿಮು ತೀರ್ಪು ಓದಿದ, ಒಕ್ವುದಿಲಿ ಬೆಂಚಿನ ಮೇಲೆ ಹತ್ತಿ ಅಯ್ಯಯ್ಯೋ ಸ್ವಾಮಿ, ನನಗೆ ಮಿಷಿನ್ ಸಿಕ್ತು, ಸಾಕು, ಅವನ ಕೈ ಕಟ್ಕೊಂಡು ನಾನೇನ್ ಮಾಡ್ಲಿ, ನಾನು ಕ್ಷಮಿಸಿದೆ, ಬಿಟ್ಬಿಡಿ. ಕ್ಷಮೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲು ನಡೆಯುತ್ತದೆ, ಹತ್ತಿದ ಮೇಲೆ ನಡೆಯುವುದಿಲ್ಲ, ಅದು ಅವನಿಗೆ ಹೇಗೆ ಗೊತ್ತಿರಬೇಕು, ಪಾಪ, ಅವನ ಶಾಸ್ತ್ರ ಬೇರೆ, ಯಾರಾದರೂ ಮೊದಲೇ ಹೇಳಬೇಕಿತ್ತು, ತನಿಮು ಹೇಳಬೇಕಿತ್ತು. ರಾಜಧಾನಿಯ ವಕೀಲರು ದೇಶದ ಸಂವಿಧಾನ ಒಪ್ಪುವುದಿಲ್ಲ ಎಂದು ಮೇಲ್ಮನವಿಯ ಕಾಗದ ಹಿಡಿದು ಓಡಿ ಬಂದರು, ಗಂಬೊ ಹೆಬ್ಬೆಟ್ಟು ಒತ್ತಲಿಲ್ಲ, ಗವರ್ನರ್ ಶಿಕ್ಷೆಗೆ ಸಹಿ ಒತ್ತಿದ, ಚುನಾವಣೆ ಶನಿವಾರ.

ಸಾಬೂನು ಹಾಕಿಲ್ಲ, ಹಾಕಬೇಕಾಗಿಯೂ ಇಲ್ಲ, ಆದರೂ ಕೈ ಜಾರುತ್ತಿದೆ, ಬೆವರಿರಬೇಕು. ನಿನ್ನೆ ಮಧ್ಯಾಹ್ನ ಒಕ್ವುದಿಲಿ ಹಿತ್ತಿಲ ಬಾಗಿಲಿಂದ ಬಂದ, ಜೈಲಿಗೆ ಹೋಗಿದ್ದೆ ಅಲ್ಕಾಲಿಗಳೇ, ಬ್ರೆಡ್ಡು, ಸಾರ್ಡೀನು ಕೊಟ್ಟೆ, ಒಂದು ಸಲ ಇಲ್ಲ ಅನ್ನಯ್ಯ, ನಿನ್ನಪ್ಪನ ಗಂಟೇನು ಹೋಗುತ್ತೆ ಅಂತ ಕಾಲು ಹಿಡಿದೆ, ಅವನು ನಗ್ತಾನೆ ಸ್ವಾಮಿ, ಮಾಲಂ ನನ್ನ ಪರೀಕ್ಷೆ ಮಾಡ್ತಿದಾನೆ, ನಿನಗೆ ತಿಳಿಯಲ್ಲ, ಚಿಕ್ಕಂದಿನಿಂದ ಹಾಗೇ, ಈ ಸಲ ನಾನು ಜಾರಲ್ಲ, ಕೊನೇವರೆಗೂ ನಿಂತ್ರೆ ಅವನೇ ಬಂದು ಬಿಡಿಸ್ಕೊಂಡು ಹೋಗ್ತಾನೆ ನೋಡ್ತಿರು, ಅಂತಾನೆ, ಏನು ಪರೀಕ್ಷೆ ಸ್ವಾಮಿ, ಏನಿದು. ತನಿಮುಗೆ ನೆಲ ಕುಸಿದು ಬಾವಿಯ ಹಿಂದಿನ ಆ ಮರಳಿನ ಮೇಲೆ ಹೋಗಿ ಬಿದ್ದ ಹಾಗಾಯಿತು, ಹುಚ್ಚಲ್ಲ, ಈಮಾನೂ ಅಲ್ಲ, ಪಾಠ, ಅವನು ಪಾಠ ಒಪ್ಪಿಸಿದ್ದ.

ಇವತ್ತು ಬೆಳಿಗ್ಗೆ ತನಿಮುವೇ ಹೋದ, ಹೋಗಬಾರದಿತ್ತು, ಜೈಲಿನ ಗೇಟಿನಲ್ಲಿ ಷಿತುನ ಜೀಪು, ಏನು ಅಲ್ಕಾಲಿ, ಕೆಳಪೇಟೆಯವರು ಬಿಸಿ ಮಾಡಿದ್ದಾರಂತೆ ನಿನ್ನ ಕೈಯನ್ನ, ಜನ ಆಡ್ಕೋತಿದಾರಪ್ಪ, ಇವತ್ತು ಏನಾದ್ರೂ ಎಡವಟ್ಟಾದ್ರೆ ಹುಡುಗರು ಮೊದಲು ಎಲ್ಲಿಗೆ ಬೆಂಕಿ ಹಚ್ತಾರೆ ಅಂತ ನಾನು ಹೇಳ್ಬೇಕಾ, ಎಂದು ಹಲ್ಲು ಕಡ್ಡಿಯಿಂದ ಹಲ್ಲು ತಿಕ್ಕುತ್ತ ನಕ್ಕ. ಆದರೂ ಒಳಗೆ ಹೋದ, ಸರಳು ಹಿಡಿದು ಹೇಳಿದ, ಗಂಬೊ, ಇದು ಪರೀಕ್ಷೆಯಲ್ಲ ಕಣೋ, ಅಲ್ಲಾಹನಾಣೆ ಅಲ್ಲ, ಸಂಜೆ ಕೇಳುತ್ತೇನೆ, ಇಲ್ಲ ಅಂದುಬಿಡು, ನಿನ್ನ ಕಾಲಿಗೆ ಬೀಳುತ್ತೇನೆ. ಹೇಳುತ್ತ ಅತ್ತುಬಿಟ್ಟ, ನಲವತ್ತು ವರ್ಷದಲ್ಲಿ ಯಾರ ಎದುರೂ ಅತ್ತವನಲ್ಲ. ಗಂಬೊ ಮೊದಲು ಗಾಬರಿಯಾದ, ಆಮೇಲೆ ನಿಧಾನವಾಗಿ ಅವನ ಮುಖದಲ್ಲಿ ಆ ನಗು ಬಂತು, ಅಳುತ್ತ ಕೇಳಿದರೂ ನಂಬಬೇಡ ಅಂತ ನೀನೇ ಹೇಳಿದ್ದೆ ಅಲ್ವಾ ಅಣ್ಣಾ, ನಾನೇನು ಮೊದಲಿನ ಪೆದ್ದ ಅಂದ್ಕೊಂಡ್ಯಾ, ಎಂದು ಬಲಗೈಯನ್ನು ಸರಳಿನ ಸಂದಿಯಿಂದ ಹೊರಚಾಚಿ ತನಿಮುನ ಕಣ್ಣೊರೆಸಿದ, ಸೂಜಿಮೊನೆಗೆ ಒರಟಾದ ಬೆರಳು, ಬಿಸಿಯಾದ ಬೆರಳು. ಇನ್ನೇನು ಹೇಳುವುದು, ಬೈದರೆ ಪರೀಕ್ಷೆ, ಬೇಡಿದರೆ ಪರೀಕ್ಷೆ, ಸುಮ್ಮನಿದ್ದರೆ ಅದೂ ಪರೀಕ್ಷೆ. ಕೆಲಸ ಬಿಟ್ಟು ಓಡಿಹೋದರೆ ಸಂಜೆಯೊಳಗೆ ಬೇರೊಬ್ಬ ಅಲ್ಕಾಲಿ ಬರುತ್ತಾನೆ, ಅವನು ಮೆತ್ತಗೆ ಕೇಳುವುದೂ ಇಲ್ಲ, ಅವನು ಇಲ್ಲ ಎನ್ನದೆ ತಾನೇ ನಿಲ್ಲಿಸಿದರೆ ಲಂಚ ತಿಂದ ಎಂದು ಕೆಳಪೇಟೆ ಉರಿಯುತ್ತದೆ, ಕೂದಲೂ ಕೊಂಕಲ್ಲ ಎಂದು ಮಾತು ಕೊಟ್ಟ ಒಕ್ವುದಿಲಿಯ ಅಂಗಡಿ ಮೊದಲು, ಆಮೇಲೆ ಅವನ ಮಕ್ಕಳು, ದೇವರೇ, ನಿನ್ನ ಕಾನೂನಿನಲ್ಲಿ ಕರುಣೆಗೆ ಬಿಟ್ಟಿದ್ದ ದಾರಿ ಅದೊಂದೇ, ಅದಕ್ಕೆ ನಾನು ಬಾವಿಯ ಹಿಂದೆ ಕೂತು ಕಲ್ಲು ಜಡಿದೆ.

ರೀ, ಅಜಾನ್ ಆಯ್ತು, ಕೇಳಿಸ್ತಾ, ಜೀಪು ಬಂದು ನಿಂತಿದೆ ಎಂದಳು ಹನ್ಸಾತು. ಕೇಳಿಸಿತು. ಸಂಜೆ ಮೇಜಿನ ಪಕ್ಕ ನಿಂತು ಶಾಸ್ತ್ರದ ಪ್ರಕಾರ ಮತ್ತೊಮ್ಮೆ ಕೇಳಲೇಬೇಕು, ನೀನು ಕದ್ದಿಲ್ಲ, ಅಲ್ಲವೇನೋ, ಗಂಟಲಿಗೆ ಅದೊಂದೇ ದನಿ ಬರುವುದು, ಮೆತ್ತನೆಯದು. ಟೊಪ್ಪಿ ಗೂಟದಲ್ಲಿ ಅಲುಗಿತು, ಗಾಳಿ. ಎಡಗೈಗೆ ಹೋಗು, ಎಡಗೈ, ಬಲಗೈ ಆಯಿತು — ಆಯಿತೇ, ಮೂರಾಯಿತೇ, ಇಲ್ಲ, ಮತ್ತೆ, ನೀರು ಬಲಗೈಯ ಮೇಲೆ ಬಿತ್ತು, ಮಣಿಕಟ್ಟಿನಿಂದ ಮೊಣಕೈಗೆ, ತಿಳಿನೀರು, ತಿಳಿಯಲ್ಲ, ಕಪ್ಪು, ತಲೆಯ ಮೇಲೆ ಹಲಗೆ ಎತ್ತಿ ಹಿಡಿದ ಪುಟ್ಟ ಬಲಗೈ, ಮಣಿಕಟ್ಟಿನಿಂದ ಮೊಣಕೈಗೆ ಮಸಿ ಇಳಿಯುತ್ತಿದೆ, ಜಾರಲಿಲ್ಲ ಅಲ್ವಾ ಅಣ್ಣಾ, ಎತ್ತಿದ ಬಲಗೈ, ಇಳಿಯುವ ಮಸಿ, ಎತ್ತಿದ ಬಲಗೈ