ಉದುರದ ಕೂದಲು

ಭೀಮವ್ವ ಬೆರಳಿಗೆ ಬೂದಿ ಹಚ್ಚಿಕೊಂಡು ಕುದುರೆಯ ಪಕ್ಕೆಯಿಂದ ಇನ್ನೊಂದು ಚಿಟಿಕೆ ಕೂದಲು ಕಿತ್ತಳು. ಚೈತ್ರ ಬಂದಿತ್ತು. ಓಣಿಯ ಬೇರೆ ಟಾಂಗಾ ಕುದುರೆಗಳು ಹೋಳಿಯ ಹೊತ್ತಿಗೇ ಹಳೆಯ ಕೂದಲು ಉದುರಿಸಿ ನುಣ್ಣಗಾಗಿದ್ದವು. ಚಂದ್ರಿ ಮಾತ್ರ ಚಳಿಗಾಲದ ದಪ್ಪ ರೋಮ ಹೊತ್ತು ಬಿಸಿಲಲ್ಲಿ ಬೆವರುತ್ತಿತ್ತು.

"ಹಗಲು ದೊಡ್ಡದಾದಂಗ ಕೂದಲಾ ತಾವ ಸಡಿಲಾಗಬೇಕು," ಎಂದ ಗಂಡ ಫಕೀರಪ್ಪ. "ಇದಕ್ಕ ವಯಸ್ಸಾಗೇದ. ಬ್ಯಾಸಗಿ ಬಂದದ್ದು ಮೈಗೆ ತಿಳೀವಲ್ದು."

"ನಾಳೆ ಟಾಂಗಾ ಎಳ್ಯಾಕ ಪಾಸು ಕೊಡೋ ಡಾಕ್ಟರಗೂ ವಯಸ್ಸು ತಿಳೀಬಾರದು. ನೀವು ಸುಮ್ಮ ಹಗ್ಗಾ ಹಿಡೀರಿ."

"ಪಾಸು ಹೋದ್ರ ಹೋಗಲಿ. ಊರ ಹೊರಗ ಕಾತ್ರಜದ ಕಡೆ ಹುಲ್ಲಾಗ ಬಿಟ್ಟು ಬರೂಣು."

"ಮತ್ತ ನಾವೇನು ಹುಲ್ಲು ತಿನ್ನೂಣೇನು?"

ನೆರೆಮನೆಯ ಪಾರವ್ವ ಬಾಗಿಲಲ್ಲೇ ನಿಂತು ನಕ್ಕಳು. "ಹೆಣ್ಣು ನೋಡಾಕ ಬರ್ತಾರೇನ ಭೀಮವ್ವಾ? ಒಂಚೂರು ಕಾಡಿಗಿನೂ ಹಚ್ಚ!"

ಭೀಮವ್ವ ನಗಲಿಲ್ಲ. ಸಂಜೆಯವರೆಗೂ ಕಿತ್ತಳು. ಹೊಟ್ಟೆಯ ಬದಿ ಅಲ್ಲಲ್ಲಿ ಬೋಳಾಗಿ ಕೆಂಪು ಚರ್ಮ ಕಂಡಾಗ ಎಣ್ಣೆ ಸವರಿ, ಮೇಲಿನ ಕೂದಲನ್ನು ಅದರ ಮೇಲೆ ಬಾಚಿದಳು.

ಮರುದಿನ ತಪಾಸಣೆಯ ಮೈದಾನದಲ್ಲಿ ಡಾಕ್ಟರು ಹಲ್ಲು ನೋಡುವ ಮೊದಲೇ ಕುದುರೆಯ ಪಕ್ಕೆಯ ಮೇಲೆ ಕೈಯಾಡಿಸಿದರು. ಅಂಗೈಗೆ ಎಣ್ಣೆ ಹತ್ತಿತು. ಬಗ್ಗಿ ನೋಡಿ, "ಖರೂಜ್," ಎಂದು ಎರಡು ಹೆಜ್ಜೆ ಹಿಂದೆ ಸರಿದರು.

ಕಜ್ಜಿ. ಮುದಿಯಾದ ಕುದುರೆಗೆ ಪಾಸು ಸಿಗುತ್ತಿರಲಿಲ್ಲ. ಅಂಟುರೋಗದ ಕುದುರೆ ಮನೆಗೇ ಹೋಗುತ್ತಿರಲಿಲ್ಲ.

"ರೋಗ ಅಲ್ರಿ ಸಾಹೇಬ್ರ! ನಾನ ಕಿತ್ತೀನ್ರಿ, ಈ ಕೈಲೆ," ಎಂದು ಭೀಮವ್ವ ಕನ್ನಡದಲ್ಲೇ ಕೂಗಿ ಹತ್ತೂ ಬೆರಳು ಮುಂದೆ ಹಿಡಿದಳು. ಫಕೀರಪ್ಪ ಅದನ್ನೇ ಮರಾಠಿಯಲ್ಲಿ ಹೇಳಿದ. ಎಲ್ಲರೂ ಹೀಗೇ ಏನಾದರೂ ಹೇಳುತ್ತಾರೆ ಎಂದು ಡಾಕ್ಟರು ಮುಂದಿನ ಕುದುರೆಯ ಕಡೆ ನಡೆದರು.

ಜವಾನ ಲಗಾಮು ಬಿಚ್ಚಿ ಫಕೀರಪ್ಪನ ಕೈಗೆ ಕೊಟ್ಟು, ಚಂದ್ರಿಯನ್ನು ಗೋಡೆಯ ಆಚೆ ಕರೆದೊಯ್ದ. ಅದು ತಕರಾರಿಲ್ಲದೆ ಹೋಯಿತು. ಸ್ವಲ್ಪ ಹೊತ್ತಿಗೆ ಗುಂಡಿನ ಸದ್ದಾಯಿತು. ಮೈದಾನದ ಕುದುರೆಗಳು ಕಿವಿ ನಿಮಿರಿಸಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದವು.

ಟಾಂಗಾದ ಮುಂದಿನ ಎರಡು ಮರದ ದಂಡಗಳ ನಡುವೆ, ಕುದುರೆಯ ಜಾಗದಲ್ಲಿ, ಫಕೀರಪ್ಪ ತಾನೇ ನಿಂತು ಎಳೆದ. ಭೀಮವ್ವ ಹಿಂದಿನಿಂದ ದೂಡಿದಳು. ತಿರುವಿನಲ್ಲಿ ಒಬ್ಬಾತ ಟ್ರಂಕು ಕೆಳಗಿಟ್ಟು, ಮುಖವನ್ನು ಹೆಂಡತಿಯ ಕಡೆ ತಿರುಗಿಸಿಕೊಂಡೇ, ಇತ್ತ ಕೈ ಎತ್ತಿದ.

"ಏ ಟಾಂಗಾ! ಸ್ಟೇಶನ್!"

ಫಕೀರಪ್ಪ ನಿಂತ. ತಲೆಯ ರುಮಾಲು ಸರಿಪಡಿಸಿಕೊಂಡ.

"ಎಷ್ಟು ಮಂದಿ?" ಎಂದು ಮರಾಠಿಯಲ್ಲಿ ಕೇಳಿದ.