ಗುಳ್ಳೆ ನಿಂತ ನೀರು

ಗಾಜಿನ ತೊಟ್ಟಿಯ ಮೂಲೆಯಿಂದ ಗುಳ್ಳೆಗಳು ಒಂದರ ಹಿಂದೊಂದು ಎದ್ದು, ಮೇಲೆ ಬಂದು ಒಡೆಯುತ್ತಿದ್ದವು. ನಮ್ಮ ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಅದು: ಏನೇ ಆಗಲಿ, ಗುಳ್ಳೆ ನಿಲ್ಲಬಾರದು. ಗಾಳಿ ಊದುವ ಪಂಪಿನ ಸದ್ದು ನಮ್ಮ ಮಾತಿನ ಹಿಂದೆಯೂ ಮೌನದ ಹಿಂದೆಯೂ ಸದಾ ಇರುತ್ತಿತ್ತು. ಆ ವರ್ಷ ನಾನು ಆ ತೊಟ್ಟಿಯೆದುರು ನಿಂತು ಕಾಯುತ್ತಿದ್ದದ್ದು ಮೀನುಗಳು ಸಾಯಲಿ ಎಂದು.

ಪ್ರಯೋಗಾಲಯವಿದ್ದ ಊರಿನಾಚೆ ಉಪ್ಪಿನ ಆಗರಗಳಿದ್ದವು. ಎಂದೋ ಕಾಲುವೆಯ ಹಾದಿಯಲ್ಲಿ ಅಲ್ಲಿಗೆ ನುಗ್ಗಿದ್ದ ನದಿಯ ಪುಟ್ಟ ಮೀನುಗಳು ತಲೆಮಾರು ಕಳೆದಂತೆ ಆ ನೀರಿಗೆ ಒಗ್ಗಿಕೊಂಡಿದ್ದವು. ಇಂದು ನದಿಯಿಂದ ಹಿಡಿದು ತಂದ ಮೀನನ್ನು ಅಲ್ಲಿ ಬಿಟ್ಟರೆ ಬದುಕುವುದಿಲ್ಲ. ಎರಡೂ ಬಳಗದ ವಂಶವಾಹಿಗಳನ್ನು ಹೋಲಿಸುತ್ತ ಹೋದಾಗ, ಎಲ್ಲ ಆಗರಗಳ ಮೀನುಗಳಲ್ಲೂ ಬದಲಾಗಿದ್ದ ಒಂದು ಜೀನ್ ನನ್ನ ಕಣ್ಣಿಗೆ ಬಿತ್ತು. ನಮ್ಮ ಮುಖ್ಯಸ್ಥೆ ವಾರಿಜಾ ಮೇಡಂ ಅದಕ್ಕೆ ‘ಉಪ್ಪಿನ ಜೀನ್’ ಎಂದು ಹೆಸರಿಟ್ಟು ದೊಡ್ಡ ಸಭೆಯೊಂದರಲ್ಲಿ ಹೇಳಿಯೂ ಬಂದಿದ್ದರು. ಆದರೆ ಹೋಲಿಕೆ ಪುರಾವೆಯಲ್ಲ. ಆಗರದ ಮೀನಿನ ಮೊಟ್ಟೆಯಲ್ಲಿ ಆ ಜೀನನ್ನು ಕೆಡಿಸಬೇಕು. ಹುಟ್ಟಿದ ಮರಿಗಳು ಉಪ್ಪುನೀರಿನಲ್ಲಿ ಸತ್ತರೆ ಮಾತು ನಿಜ.

ಸತ್ತರೆ ಕೆಲಸ ಮುಗಿಸಿ ನಾನು ನಮ್ಮೂರಿಗೇ ಮರಳಿಬಿಡಬಹುದಿತ್ತು. ಮಗಳು ಇಳಾ ಅಲ್ಲಿ ನನ್ನ ಅತ್ತೆಯ ಬಳಿ ಬೆಳೆಯುತ್ತಿದ್ದಳು. ಬಸ್ಸಿಳಿದು ಹೊಸ್ತಿಲು ದಾಟುವಾಗಲೇ ಅವಳು ಕೇಳುತ್ತಿದ್ದದ್ದು, ಯಾವಾಗ ಹೋಗುತ್ತೀಯ ಎಂದು. ಆ ಪ್ರಶ್ನೆಯನ್ನು ಹೊತ್ತು ಮರಳಿ ಬಂದು ತೊಟ್ಟಿಯಿಂದ ಕಿಟಕಿಗೆ, ಕಿಟಕಿಯಿಂದ ತೊಟ್ಟಿಗೆ ಸುಳಿದಾಡುತ್ತಿದ್ದೆ. ಕುಡಿಯಲೆಂದು ಸುರಿದುಕೊಂಡ ಚಹಾ ಎಲ್ಲೆಲ್ಲೋ ಆರಿ ಕೂತಿರುತ್ತಿತ್ತು.

ಮೀನುಗಳು ಸಾಯಲಿಲ್ಲ. ಮೈತುಂಬಿಕೊಂಡು ಬೆಳೆದವು.

ನನ್ನ ಜೊತೆಗಿದ್ದ ಸಂಶೋಧಕಿ ನಫೀಸಾ ಅವುಗಳಿಗೆ ಮೇವು ಉದುರಿಸುತ್ತ, “ಸಾಯ್ಲಿ ಅಂತ ಹರಕೆ ಹೊತ್ಕೊಂಡಿದೀಯ, ಅವು ನೋಡಿದ್ರೆ ನಿನಗಿಂತ ಚೆನ್ನಾಗಿ ಉಣ್ತಿವೆ ಕಣೆ” ಅಂದಳು. ನಗಲು ನನ್ನಿಂದ ಆಗಲಿಲ್ಲ. ಜೀನ್ ನಿಜಕ್ಕೂ ಕೆಟ್ಟಿದೆಯೇ ಎಂದು ಅವಳೇ ಪರೀಕ್ಷಿಸಿ ನೋಡಿದಳು. ಕೆಟ್ಟಿತ್ತು. ಹಾಗಾದರೆ ಮಗಳ ಬಾಲ್ಯವನ್ನು ತೆತ್ತು ನಾನು ಹಿಡಿದದ್ದು ಯಾತಕ್ಕೂ ಸಂಬಂಧವಿಲ್ಲದ ಒಂದು ಜೀನ್.

ಒಂದು ಮಧ್ಯಾಹ್ನ ಒಳಗೆ ಕೂರಲಾರದೆ ಆಗರದ ಕಡೆ ನಡೆದೆ. ಮೊಣಕಾಲೂ ಮುಳುಗದ ನೀರು. ಕೈಯಿಟ್ಟರೆ ಸ್ನಾನದ ನೀರಿನಷ್ಟು ಬಿಸಿ. ಗಾಳಿಯಿಲ್ಲ, ಅಲೆಯಿಲ್ಲ. ಮೀನುಗಳು ತಳದಲ್ಲಿ ಕದಲದೆ ನಿಂತಿದ್ದವು. ಆ ನಿಶ್ಚಲತೆಯಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಿತು. ಕಿವಿ ಯಾವುದೋ ಸದ್ದನ್ನು ಹುಡುಕುತ್ತಿತ್ತು. ಪಂಪಿನ ಸದ್ದು. ಇಲ್ಲಿ ಗುಳ್ಳೆಗಳಿರಲಿಲ್ಲ. ಬಿಸಿಯಾಗಿ ನಿಂತ ನೀರಿನಲ್ಲಿ ಉಸಿರಾಡಲು ಗಾಳಿ ತೀರಾ ಕಡಿಮೆ. ನಾವು ಆಗರದ ಉಪ್ಪನ್ನು ತೊಟ್ಟಿಗೆ ತಂದಿದ್ದೆವು, ಉಸಿರುಗಟ್ಟುವ ನೀರನ್ನು ತಂದಿರಲಿಲ್ಲ. ಮೀನು ಸಾಕುವವರ ಮೊದಲ ಪಾಠವನ್ನು ಪಾಲಿಸಿದ್ದೆವು, ಅಷ್ಟೆ. ಆ ಜೀನ್ ಉಪ್ಪಿಗಲ್ಲ, ಗಾಳಿ ಸಾಲದ ನೀರಿಗಿರಬಹುದು.

ಮರುದಿನ ಬೆಳಿಗ್ಗೆ ಎರಡು ತೊಟ್ಟಿಗಳಲ್ಲಿ ಅದೇ ಉಪ್ಪು, ಅದೇ ಬಿಸಿ. ಒಂದರಲ್ಲಿ ಆಗರದ ಮೀನು, ಇನ್ನೊಂದರಲ್ಲಿ ನಾನು ಜೀನ್ ಕೆಡಿಸಿದವು. ನಫೀಸಾ ಪಂಪು ನಿಲ್ಲಿಸಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ನನ್ನ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸತೊಡಗಿದವು. ಒಂದು ಪಕ್ಕಕ್ಕೆ ವಾಲಿತು. ಪಕ್ಕದ ತೊಟ್ಟಿಯವು ತಳದಲ್ಲೇ ಇದ್ದವು.

“ಹಾಕ್ಲಾ?” ಸ್ವಿಚ್ಚಿನ ಮೇಲೆ ನಫೀಸಾಳ ಬೆರಳಿತ್ತು.

“ಬೇಡ. ಇನ್ನೊಂಚೂರು.”

ಅಷ್ಟು ದಿನ ಬಯಸಿದ್ದೇ ಕಣ್ಣೆದುರು ನಡೆಯುತ್ತಿತ್ತು. ಕೊನೆಯ ಮೀನು ಮಗುಚುವವರೆಗೂ ನಾನು ಕೂರಲಿಲ್ಲ.

ವಾರಿಜಾ ಮೇಡಂ ಎಲ್ಲವನ್ನೂ ಕೇಳಿದರು. ಉಪ್ಪು ಅಂತ ಸಭೆಯಲ್ಲಿ ಹೇಳಿದವಳು ತಾನು, ತಿದ್ದಿಕೊಳ್ಳುವುದೂ ತನ್ನ ಕೆಲಸ ಅಂದರು. ಕನ್ನಡಕ ಒರೆಸಿಕೊಂಡು, “ಕಿತ್ಕೊಂಡ್ರೆ ಸಾಯ್ತಾವೆ. ಸರಿ. ಕೊಟ್ರೆ ಬದುಕ್ತಾವಾ?” ಎಂದು ಕೇಳಿದರು.

ನದಿಯ ಮೀನಿಗೆ ಆಗರದ ಜೀನ್ ಕೊಟ್ಟು ನೋಡಬೇಕು. ಅಂದರೆ ಮತ್ತೆ ಮೊಟ್ಟೆ, ಮತ್ತೆ ಮರಿ, ಇನ್ನೊಂದು ವರ್ಷ. ನಫೀಸಾ ತಾನೇ ಮುಗಿಸಿಕೊಡುತ್ತೇನೆ, ನೀನು ಹೊರಡು ಅಂದಳು. ಬಸ್ಸಿನಲ್ಲಿ ಕೂತಾಗ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಮನೆ ತಲುಪಿದಾಗ ಇಳಾ ಎಂದಿನಂತೆ, ಯಾವಾಗ ಹೋಗುತ್ತೀಯ ಎಂದು ಕೇಳಿದಳು. ಹೆಗಲಿನ ಚೀಲ ಇಳಿಸದೆ ನಿಂತಿದ್ದ ನನ್ನನ್ನು ನೋಡಿ ಅತ್ತೆ ಅವಳ ಬಟ್ಟೆ ಮಡಿಸತೊಡಗಿದರು.

“ಕರ್ಕೊಂಡ್ ಹೋಗು. ನಿನ್ನ ಮೀನೂ ನಿನ್ನ ಮಗಳೂ ಒಂದೇ ಊರಲ್ಲಿರ್ಲಿ. ನೀನು ಇಲ್ಲಿದ್ರೂ ಅಲ್ಲೇ ಇರ್ತೀಯ.” ಅವರ ಧ್ವನಿಯಲ್ಲಿ ಮುನಿಸಿತ್ತು, ಆದರೆ ಮುನಿಸೊಂದೇ ಇರಲಿಲ್ಲ.

ನನ್ನ ಜೊತೆ ಬಂದ ಇಳಾ ಮೊದಮೊದಲು ಆಗರದ ಊರಿನ ಅನ್ನ ಮುಟ್ಟಲಿಲ್ಲ. ಅಜ್ಜಿಯ ಸೀರೆ ಬೇಕೆಂದು ಅತ್ತಳು. ಕರೆತಂದು ತಪ್ಪು ಮಾಡಿದೆನೇ ಎಂಬ ಯೋಚನೆ ನದಿಮೀನಿನ ಮೊಟ್ಟೆಗೆ ಜೀನ್ ಚುಚ್ಚಲು ಸೂಜಿ ಹಿಡಿದು ಕೂತಲ್ಲೂ ನನ್ನನ್ನು ಬಿಡುತ್ತಿರಲಿಲ್ಲ.

ವರ್ಷ ಕಳೆದು ಕೊನೆಗೆ ಪರೀಕ್ಷೆಯ ದಿನ ಬಂತು. ಇಳಾ ನನ್ನ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಮಂಡಿಯೂರಿದ್ದಳು. ಪಂಪು ನಿಲ್ಲಿಸಿದೆವು. ಒಂದು ತೊಟ್ಟಿಯಲ್ಲಿದ್ದ, ಜೀನ್ ಕೊಡದ ನದಿಮೀನುಗಳು ಬೇಗನೆ ಮೇಲೆ ಬಂದವು. ಪಕ್ಕದ ತೊಟ್ಟಿಯಲ್ಲಿ ನಾವು ಜೀನ್ ಕೊಟ್ಟವು ಮೇಲೇರಲಿಲ್ಲ. ತಳದಲ್ಲಿ ನಿಂತು ಕಿವಿರುಗಳನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತಿದ್ದವು. ನಫೀಸಾ ನನ್ನ ಭುಜ ಒತ್ತಿದಳು.

“ಇವು ಯಾವೂರಿನ ಮೀನು ಅಮ್ಮಾ?” ಇಳಾ ಕೇಳಿದಳು.

ನಾನು ಹೇಳುವುದರೊಳಗೆ ಅವಳು ಮುಂದಕ್ಕೆ ಬಾಗಿ ಮೂಗನ್ನು ಗಾಜಿಗೆ ಒತ್ತಿದ್ದಳು. ಅವಳ ಉಸಿರಿನ ಮಂಜು ಗಾಜಿನ ಮೇಲೆ ಮೂಡಿತು, ಅಳಿಸಿಹೋಯಿತು, ಮತ್ತೆ ಮೂಡಿತು.